ದೋಷ ಇದೆ, ಮುಚ್ಚಿಡಲಾಗಿದೆ

ನನಗೆ ಅಚ್ಚುಕಟ್ಟಿನ ಕಾಯಿಲೆ ಇದೆ. ‘ಸಾರಿನ ಪುಡಿ’ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಸಾರಿನ ಪುಡಿಯೇ ಇರಬೇಕೆಂದು ನಂಬಿದವಳು ನಾನು. ನಮ್ಮ ಮನೆಯಲ್ಲಿ ಈ ನಂಬಿಕೆಗೆ ಇನ್ನೊಬ್ಬ ಅನುಯಾಯಿ ಸಿಕ್ಕಿಲ್ಲ. ನಮ್ಮತ್ತೆ ಆ ಡಬ್ಬಿಯಲ್ಲಿ ಸೂಜಿ, ದಾರ, ಹಳೆಯ ಗುಂಡಿಗಳನ್ನು ಇಟ್ಟು, ಸಾರಿನ ಪುಡಿಯನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದಿರುತ್ತಾರೆ. ಕೇಳಿದರೆ, “ನಂಗೆ ಗೊತ್ತೈತಲ್ಲ, ಬುಡು” ಎನ್ನುತ್ತಾರೆ.

ಇಂಥ ನನಗೆ ಕಂಪನಿಯವರು ಒಂದು ಸ್ವಚ್ಛತೆಯ ಕೆಲಸವನ್ನೇ ಒಪ್ಪಿಸಿದಾಗ, ಹುಟ್ಟಿದ್ದು ಸಾರ್ಥಕವಾಯಿತು ಅನ್ನಿಸಿತು.

ನಾನು ಮಧುಗಿರಿಯಲ್ಲಿ, ಬೆಟ್ಟದ ಬುಡದ ನಮ್ಮ ಹಳೆಯ ಮನೆಯ ಸಣ್ಣ ಕೋಣೆಯಲ್ಲಿ ಕುಳಿತು ಕೆಲಸ ಮಾಡುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸಾಧನಗಳನ್ನು ಮಾಡುವ ಪುಟ್ಟ ಕಂಪನಿ ನಮ್ಮದು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಡೀಬಗರ್. ಡೀಬಗರ್ ಎಂದರೆ ಬೇರೇನಲ್ಲ, ಒಂದು ಪ್ರೋಗ್ರಾಮು ತನ್ನ ಪಾಡಿಗೆ ನಡೆಯುವಾಗ ಅದರ ಬೆನ್ನ ಹಿಂದೆಯೇ ನಡೆದು, ಭುಜ ಹಿಡಿದು ನಿಲ್ಲಿಸಿ, ಎಲ್ಲಿಂದ ಬಂದೆ, ಏನು ಮಾಡಿದೆ, ಜೇಬಿನಲ್ಲಿ ಏನಿದೆ ತೋರಿಸು ಎಂದು ಕೇಳುವ ಇನ್ನೊಂದು ಪ್ರೋಗ್ರಾಮು. ಅತ್ತೆ ಇರುವ ಮನೆಯಲ್ಲಿ ಬಾಳಿದವರಿಗೆ ಇದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಡೀಬಗರನ್ನು ನನಗಿಂತ ಮುಂಚೆ ಬಂದು ಹೋದ ಅನೇಕರು ಅನೇಕ ಕಾಲದಲ್ಲಿ ಬರೆದಿದ್ದರು. ಹಾಗಾಗಿ ಅದು ತಪ್ಪು ಕಂಡಾಗ ಮಾತಾಡುವ ರೀತಿಗೆ ಒಂದು ಕಟ್ಟುಪಾಡೇ ಇರಲಿಲ್ಲ. ಒಂದು ಕಡೆ ಸಣ್ಣ ವಿಷಯಕ್ಕೆ ಕಿರುಚಿ ಅಂಗಡಿಯನ್ನೇ ಮುಚ್ಚಿಬಿಡುತ್ತಿತ್ತು. ಇನ್ನೊಂದು ಕಡೆ ಮನೆಗೆ ಬೆಂಕಿ ಬಿದ್ದರೂ ಗೊಣಗಿ ಸುಮ್ಮನಾಗುತ್ತಿತ್ತು. ಕೆಲವು ಕಡೆ ತಪ್ಪನ್ನು ನುಂಗಿ ನೀರು ಕುಡಿದು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಿತ್ತು. ನನಗೆ ತಡೆಯಲಾಗದ್ದು ಈ ಕೊನೆಯದು.

ನಾನು ಸೀರೆ ಸೆರಗು ಸಿಕ್ಕಿಸಿ ನಿಂತೆ. ಎಲ್ಲ ಸಂದೇಶಗಳೂ ಇನ್ನು ಮುಂದೆ ಒಂದೇ ಬಾಗಿಲಿನಿಂದ ಹೊರಗೆ ಬರತಕ್ಕದ್ದು. ಸಣ್ಣದಾದರೆ ‘ಎಚ್ಚರಿಕೆ’, ಹೇಳಿ ಮುಂದೆ ಹೋಗತಕ್ಕದ್ದು. ದೊಡ್ಡದಾದರೆ ‘ದೋಷ’, ಹೇಳಿ ನಿಲ್ಲತಕ್ಕದ್ದು. ಯಾವುದನ್ನೂ ನುಂಗತಕ್ಕದ್ದಲ್ಲ. ಯಾರಾದರೂ ಬೇಕೆಂದೇ ಸಂದೇಶಗಳ ಬಾಯಿ ಮುಚ್ಚಿಸಿದರೆ, ಮುಚ್ಚಿಟ್ಟಿದ್ದಾರೆ ಎಂಬುದನ್ನೂ ಮುಚ್ಚಿಟ್ಟವರ ಹೆಸರನ್ನೂ ಮಾತ್ರ ತಪ್ಪದೆ ಹೇಳತಕ್ಕದ್ದು. ಪರದೆ ನೋಡುವವರಿಲ್ಲದಿದ್ದರೆ ಗಟ್ಟಿಯಾಗಿ ಹೇಳತಕ್ಕದ್ದು. ಈ ಕಡೆಯ ಎರಡು ಕಟ್ಟಳೆಗಳನ್ನು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇರೆ ಯಾರೂ ತಟ್ಟುವ ಲಕ್ಷಣ ಕಾಣಲಿಲ್ಲ.

ಗಟ್ಟಿಯಾಗಿ ಹೇಳುವುದು ಯಾಕೆಂದರೆ, ಕಣ್ಣು ಕಾಣದ ವಿದ್ಯಾರ್ಥಿಗಳೂ ಇದನ್ನು ಬಳಸಬೇಕಿತ್ತು. ಅದಕ್ಕೊಂದು ದನಿ ಬೇಕು. ಕಂಪನಿಯವರು ಕಳಿಸಿದ ಯಂತ್ರದ ದನಿ ಎಷ್ಟು ಹಸನ್ಮುಖಿಯಾಗಿತ್ತೆಂದರೆ, ಅದರ ಬಾಯಲ್ಲಿ ‘ದೋಷ’ ಎಂಬುದು ‘ದೋಸೆ’ ಎಂದು ಕೇಳುತ್ತಿತ್ತು. ನಮ್ಮೆಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಶಾಲೆಯಿಂದ ಬಂದವರೇ, “ದೋಸೆ ಇದೆ ಅಂತ ಹೇಳ್ತಾ ಐತಲ್ಲೇ, ಚಟ್ನಿ ಎಲ್ಲಿ?” ಎಂದು ಕೇಳಿದರು.

ಆಗ ಹೊಳೆಯಿತು. ನಮ್ಮತ್ತೆಯ ದನಿ!

ಅತ್ತೆ ಆಗ ಹೊಳವನಹಳ್ಳಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದರು. ಅವರು ಫೋನ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಫೋನ್ ಮಾಡಿದರೆ ನಾವು ನಡುವೆ ಮಾತಾಡಿಬಿಡುತ್ತೇವೆಂಬುದು ಅವರ ದೂರು. ನನ್ನ ಮೊಬೈಲಿನಲ್ಲಿ ಅವರ ಉಪದೇಶ ಗಂಟೆಗಟ್ಟಲೆ ಬಿದ್ದಿತ್ತು. ಈಗಿನ ಕಾಲದಲ್ಲಿ ಇಷ್ಟು ದನಿ ಸಿಕ್ಕರೆ ಸಾಕು, ಕಂಪ್ಯೂಟರು ಆ ಮನುಷ್ಯರಂತೆಯೇ ಏನನ್ನು ಬೇಕಾದರೂ ಮಾತಾಡುತ್ತದೆ. ಅವರನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಅದಕ್ಕೂ ಒಂದು ವಾಯ್ಸ್ ಮೆಸೇಜ್ ಬರುತ್ತದೆಂದು ಕೇಳಲಿಲ್ಲ.

ಹೊಸ ದನಿಯಲ್ಲಿ ಡೀಬಗರ್ ಮೊದಲ ಸಲ “ದೋಷ” ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅದು ಅಂಥ ದನಿ. ಮೆಲ್ಲಗೆ, ತಣ್ಣಗೆ, ಪೂರಾ ತಿಳಿದವರ ಹಾಗೆ. ಸಾಲದ್ದಕ್ಕೆ ಎಜಮಾನರು ಬ್ಲೂಟೂತ್ ಸ್ಪೀಕರನ್ನು ನಡುಮನೆಯ ಅಟ್ಟದ ಮೇಲಿದ್ದ ತಾಮ್ರದ ಹಂಡೆಯೊಳಗೆ ಇಟ್ಟಿದ್ದರು. ಹಂಡೆಯಲ್ಲಿ ಹಾಡು ಕೇಳಿದರೆ ಥಿಯೇಟರಿನ ಹಾಗೆ ಇರುತ್ತದೆಂಬುದು ಅವರ ಸಂಶೋಧನೆ. ನನ್ನ ಕಂಪ್ಯೂಟರಿನ ದನಿಯೂ ಅದರಿಂದಲೇ ಬರುತ್ತಿತ್ತು.

ಮೂರ್ನಾಲ್ಕು ದಿನದ ನಂತರ ಒಂದು ಮಟಮಟ ಮಧ್ಯಾಹ್ನ. ಕರೆಂಟು ಹೋಗಿತ್ತು. ಎಜಮಾನರು ಶಾಲೆಯಲ್ಲಿ. ನಾದಿನಿ ಚಂದ್ರಿಕಾ ಕೊರಟಗೆರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದಳು. ಬೆಟ್ಟದ ಬಂಡೆ ಕಾದು, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಡೀಬಗರಿನ ಪರೀಕ್ಷೆ ಓಡಲು ಬಿಟ್ಟು, ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆ. ಸ್ಪೀಕರಿನ ನೆನಪೇ ಇರಲಿಲ್ಲ.

ಒಳಗಿನಿಂದ ಅತ್ತೆ ಮಾತಾಡಿದರು.

“ಈ ವಿಳಾಸದಲ್ಲಿ ಯಾರೂ ಇಲ್ಲ.”

ಕೈಯಲ್ಲಿದ್ದ ಕಾಳು ಚಿಮ್ಮಿ ಎಲ್ಲಿಗೋ ಹೋಯಿತು. “ಅತ್ತೆ?” ಎಂದೆ. ಎದ್ದು ನಡುಮನೆಗೆ ಬಂದೆ. ಬಾಗಿಲ ಚಿಲಕ ನಾನು ಹಾಕಿದಂತೆಯೇ ಇತ್ತು. “ಅತ್ತೆ, ಯಾವಾಗ ಬಂದ್ರಿ?” ಎಂದೆ, ಸಣ್ಣ ದನಿಯಲ್ಲಿ.

“ಹುಡುಕಿದ ಹೆಸರು ಸಿಗಲಿಲ್ಲ,” ಎಂದಿತು ದನಿ. ನನ್ನ ನೆತ್ತಿಯ ಮೇಲಿಂದ. ಸ್ವಲ್ಪ ಹೊತ್ತು ಬಿಟ್ಟು, “ಮಗು ಸತ್ತಿದೆ. ತಾಯಿ ಇನ್ನೂ ಕಾಯುತ್ತಿದ್ದಾಳೆ.”

ನಾನು ಓದಿದವಳು. ದೆವ್ವ ಭೂತ ಎಂದರೆ ನಗುವವಳು. ಆದ್ದರಿಂದ ಕಿರುಚದೆ, ಶಿಸ್ತಾಗಿ, ಗೋಡೆ ಹಿಡಿದುಕೊಂಡು ಕುಸಿದು ಕೂತೆ. ಕೂತ ಮೇಲೆ ನೆನಪಾಯಿತು. ನಮ್ಮ ಕಸುಬಿನಲ್ಲಿ ಒಂದು ಪ್ರೋಗ್ರಾಮು ಇನ್ನೊಂದನ್ನು ಹುಟ್ಟಿಸಿದರೆ ಹುಟ್ಟಿಸಿದ್ದು ತಾಯಿ, ಹುಟ್ಟಿದ್ದು ಮಗು. ಮಗುವಿನ ಕೆಲಸ ಮುಗಿದರೆ ಅದು ಸತ್ತಿತು ಎನ್ನುವುದು ವಾಡಿಕೆ. ವಿಳಾಸ, ಹೆಸರು ಎಂಬವೂ ಕಂಪ್ಯೂಟರಿನ ನೆನಪಿನೊಳಗಿನವೇ. ಅದನ್ನೆಲ್ಲ ಅಚ್ಚಗನ್ನಡಕ್ಕೆ ಇಳಿಸಿದ್ದು ನಾನೇ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತಿತ್ತು, ಸ್ಪೀಕರು ಹಂಡೆಯಲ್ಲಿ ಚಾರ್ಜಾಗಿ ಕೂತಿತ್ತು. ನನ್ನ ಕೈಬರಹ ಬಂದು ನನ್ನನ್ನೇ ಹೆದರಿಸಿತ್ತು.

ಜೋರಾಗಿ ನಕ್ಕೆ. ಖಾಲಿ ಮನೆಯಲ್ಲಿ ಒಬ್ಬಳೇ ನಕ್ಕದ್ದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅಷ್ಟರಲ್ಲಿ ಪಕ್ಕದ ಮನೆಯ ಷಾಹೀನಾ ಆಪಾ ಕಾಂಪೌಂಡಿನ ಮೇಲಿಂದ ಇಣುಕಿದರು. ಸಿರಾದಿಂದ ಮದುವೆಯಾಗಿ ಬಂದವರು, ಬ್ಲೌಸು ಹೊಲಿಯುತ್ತಾರೆ.

“ಬಾಬಿ, ನಿಮ್ಮತ್ತೆ ಯಾವಾಗ್ ಬಂದ್ರು?”

“ಬಂದಿಲ್ಲ ಆಪಾ. ಹೊಳವನಹಳ್ಳೀಲೇ ಅವ್ರೆ.”

“ಈಗ ಮಾತಾಡ್ತಾ ಇದ್ರಲ್ಲ? ಮಗು ಸತ್ತೋಯ್ತು ಅಂತಾ ಇದ್ರು. ಯಾರ್ದು ಮಗು?”

ನಾನು ಕಂಪ್ಯೂಟರು, ತಾಯಿ ಪ್ರೋಗ್ರಾಮು, ಮಗು ಪ್ರೋಗ್ರಾಮು ಎಂದು ವಿವರಿಸಿದೆ. ಆಪಾ ನನ್ನ ಹಣೆಯನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಹಳ ಮೃದುವಾಗಿ, “ನಮ್ ಸಿರಾದಾಗೆ ಒಬ್ಬರು ದಮ್ ಮಾಡ್ತಾರೆ, ಓದಿ ಊದಿ ಗಾಳಿ ಬಿಡಿಸ್ತಾರೆ. ಬಹುತ್ ಒಳ್ಳೇವ್ರು. ಕರ್ಕಂಡು ಹೋಗ್ಲಾ?” ಎಂದರು.

ಇದು ನಗುವ ವಿಷಯವೇ. ಆದರೆ ಸಂಜೆ, ಬೆಟ್ಟದ ನೆರಳು ನಮ್ಮ ಬೀದಿಯನ್ನು ಮುಚ್ಚುವ ಹೊತ್ತಿಗೆ, ಅತ್ತೆಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಇದು ನಿಜವಾದ ಅತ್ತೆ.

“ವನಜಾ, ಇವತ್ತು ಮಧ್ಯಾಹ್ನ ಒಂದು ಗಳಿಗೆ ಮಲಗಿದ್ದೆ ಕಣಮ್ಮ. ನಮ್ಮನೆ ಹಂಡೆ ಒಳಗೆ ಕೂತ್ಕಂಡಂಗಾಯ್ತು. ಬರೀ ಕತ್ತಲು. ನಾನು ಮಾತಾಡ್ತಾನೇ ಇವ್ನಿ, ನೀನು ಕೆಳಗೆ ನಿಂತ್ಕಂಡು ಅತ್ತೆ ಅತ್ತೆ ಅಂತೀಯ. ಮೈಯೆಲ್ಲ ಬೆವತೋಯ್ತು. ಎಲ್ರೂ ಚೆಂದಾಗಿದ್ದೀರ ತಾನೆ?”

ಸ್ಪೀಕರು ಹಂಡೆಗೆ ಹೋದದ್ದು ಅತ್ತೆ ಊರಿಗೆ ಹೋದ ಮೇಲೆ. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಎಜಮಾನರಿಗೆ ಕೇಳಿಸಿದೆ. ಅವರು ಎರಡು ಸಲ ಕೇಳಿ, ಗಂಭೀರವಾಗಿ, “ಇಂಗಾಗೋ ಸಂಭವನೀಯತೆ ತುಂಬಾ ಕಮ್ಮಿ. ಆದ್ರೆ ಸೊನ್ನೆ ಅಲ್ಲ” ಎಂದರು. ಅವತ್ತಿನಿಂದ ಆ ಅಟ್ಟದ ಕೆಳಗೆ ಹಾದುಹೋಗುವಾಗ ಅವರ ನಡಿಗೆ ಚುರುಕಾದದ್ದನ್ನು ನಾನು ಬಲ್ಲೆ.

ಆ ಭಾನುವಾರ ಚಂದ್ರಿಕಾಳನ್ನು ನೋಡಲು ಪಾವಗಡದಿಂದ ಗಂಡಿನ ಕಡೆಯವರು ಬರುವವರಿದ್ದರು. ಒಂದು ಗುಟ್ಟು ಹೇಳಿಬಿಡುತ್ತೇನೆ. ಅವರು ಬಂದು ನೋಡುವಂಥದ್ದು ಏನೂ ಉಳಿದಿರಲಿಲ್ಲ. ಹುಡುಗ ಮಂಜುನಾಥ ಅವಳ ಜೊತೆಯಲ್ಲೇ ಓದಿದವನು, ಈಗ ಪಾವಗಡದ ಕಡೆ ಸೋಲಾರ್ ಫಲಕಗಳ ಕೆಲಸದಲ್ಲಿದ್ದಾನೆ. ಇಬ್ಬರೂ ಎಂದೋ ಒಪ್ಪಿಕೊಂಡಾಗಿತ್ತು. ಹಿರಿಯರು ನೋಡಿ ಒಪ್ಪಿದಂತೆ ಆಗಬೇಕಿತ್ತು, ಅಷ್ಟೆ. ಅಡ್ಡ ಇದ್ದದ್ದು ಹುಡುಗನ ಅಜ್ಜಿ. ಅವರ ಕಡೆ ಅವ್ವ ಎನ್ನುತ್ತಾರೆ. ಆ ಮನೆಯಲ್ಲಿ ಅವ್ವನ ಮಾತು ದಾಟಿದವರಿಲ್ಲ, ಮತ್ತು ದೋಷವಿರುವ ಜಾತಕವನ್ನು ಅವ್ವ ಮನೆ ಹೊಸ್ತಿಲಿಗೂ ಬಿಡುವವರಲ್ಲ.

ಚಂದ್ರಿಗೆ ಹಿಂದೆ ಬಂದ ಸಂಬಂಧಗಳೆಲ್ಲ ಜಾತಕ ಕೂಡಲಿಲ್ಲವೆಂದು ಮುರಿದುಬಿದ್ದಿದ್ದವು. ಆಗೆಲ್ಲ ಅವಳು ಏನೂ ಆಗಿಲ್ಲವೆಂಬಂತೆ ಮರುದಿನವೇ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಈ ಸಲ ಮಾತ್ರ ನನ್ನ ಕೋಣೆಗೆ ಬಂದು, ಕದ ಮುಚ್ಚಿ, “ಅತ್ತಿಗೆ, ಇದೂ ಮುರಿದ್ರೆ ನಾನು ಇನ್ನೊಬ್ರ ಮುಂದೆ ತಟ್ಟೆ ಹಿಡ್ಕಂಡು ನಿಲ್ಲಲ್ಲ. ಹೇಳಿರ್ತೀನಿ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆದ್ದರಿಂದ ಭಾನುವಾರ ಮನೆಯಲ್ಲಿ ಅಪಸ್ವರ ಬರದಂತೆ ನೋಡಿಕೊಳ್ಳುವ ಹೊಣೆಯನ್ನು ನಾನೇ ಹೊತ್ತೆ. ಲ್ಯಾಪ್‌ಟಾಪಿನಲ್ಲಿ ದೊಡ್ಡ ಪರೀಕ್ಷೆಯೊಂದು ಓಡುತ್ತಿತ್ತು, ಅದನ್ನು ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಡೀಬಗರಿಗೆ, ಏನು ಕಂಡರೂ ಮುಚ್ಚಿಡು ಎಂದು ಆಜ್ಞೆ ಕೊಟ್ಟೆ. ಲ್ಯಾಪ್‌ಟಾಪನ್ನು ಕೋಣೆಯ ಬೀರುವಿನಲ್ಲಿ ಇಟ್ಟೆ. ಅಟ್ಟಕ್ಕೆ ಏಣಿ ಹಾಕಿ, ಕಣ್ಣು ಮುಚ್ಚಿಕೊಂಡು ಹಂಡೆಯೊಳಗೆ ಕೈಬಿಟ್ಟು, ಸ್ಪೀಕರಿನ ಗುಂಡಿ ಒತ್ತಿ ಆರಿಸಿದೆ. ಅದನ್ನು ಹೊರಗೆ ತೆಗೆಯೋಣವೆಂದರೆ, ಹುಡುಗಿ ಬರುವಾಗ ನಾದಸ್ವರ ಹಾಕಬೇಕು, ಅಲ್ಲೇ ಇರಲಿ ಎಂದರು ಎಜಮಾನರು.

ರಾಹುಕಾಲಕ್ಕೆ ಮುಂಚೆ ಮುಗಿಯಬೇಕೆಂದು ಅವರು ನೆತ್ತಿ ಸುಡುವ ಹೊತ್ತಿಗೇ ಬಂದರು. ಹುಡುಗ, ಅವನ ತಂದೆ, ತಾಯಿ, ನಡುವೆ ಅವ್ವ. ಕೃಶವಾದ ದೇಹ, ಮೂಗಿನ ಎರಡೂ ಕಡೆ ಬೊಟ್ಟು, ರೆಪ್ಪೆ ಬಡಿಯದ ಕಣ್ಣು. ನಮ್ಮತ್ತೆ ಹಿಂದಿನ ದಿನವೇ ಬಂದಿದ್ದವರು, ಜರಿಯಂಚಿನ ಸೀರೆಯುಟ್ಟು ಎದುರಿಗೆ ಚಾಪೆಯ ಮೇಲೆ ಕೂತರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಚಂದ್ರಿ ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಎಜಮಾನರು ನಾದಸ್ವರ ಹಾಕಲೆಂದು ಮೊಬೈಲು ಹುಡುಕುತ್ತಾ ಎದ್ದರು.

ಅವ್ವ ಬಾಯಿ ಒರೆಸಿಕೊಂಡು ಅತ್ತೆಯನ್ನು ನೋಡಿದರು. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. “ಏಮಮ್ಮಾ, ಎಲ್ಲಾ ಸರಿ. ಜಾತಕದಾಗೆ ದೋಷಂ ಗೀಷಂ ಏಮೀ ಲೇದು ಕದಾ?” ಏನೂ ಇಲ್ಲ ತಾನೆ ಎಂದು.

ಅತ್ತೆ ಉತ್ತರ ಕೊಡಲು ಬಾಯಿ ತೆರೆದರು. ತೆರೆದ ಬಾಯಿ ಇನ್ನೂ ಅಲ್ಲಾಡಿರಲಿಲ್ಲ.

“ದೋಷ ಇದೆ,” ಎಂದಿತು ಅತ್ತೆಯ ದನಿ, ಅಟ್ಟದ ಮೇಲಿಂದ. “ಮುಚ್ಚಿಡಲಾಗಿದೆ.”

ಎಲ್ಲರೂ ಅತ್ತೆಯ ಬಾಯಿ ನೋಡಿದರು. ಆಮೇಲೆ ಮೇಲೆ ನೋಡಿದರು. ಅತ್ತೆ ಮಾತ್ರ ಮೇಲೆ ನೋಡಲಿಲ್ಲ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ, ಎರಡು ಕೈಯಲ್ಲೂ ಚಾಪೆ ಹಿಡಿದುಕೊಂಡಿದ್ದರು.

ನಾನು ಗಟ್ಟಿ ಮನಸ್ಸು ಮಾಡಿ ನಕ್ಕೆ. “ಏನೂ ಇಲ್ಲ ಅವ್ವ, ಅದು ಕಂಪ್ಯೂಟರ್ರು.”

“ಕಂಪ್ಯೂಟರಾ? ಅದಿ ನಿಮ್ಮತ್ತೆ ಗೊಂತು ಕದಾ?” ಎಂದರು ಅವ್ವ. ಗೊಂತು ಎಂದರೆ ದನಿ. ಅದಕ್ಕೆ ನನ್ನ ಹತ್ತಿರ ಚಿಕ್ಕ ಉತ್ತರ ಇರಲಿಲ್ಲ.

ಕೋಣೆಗೆ ಓಡಿದೆ. ಬೀರು ತೆಗೆದು ಲ್ಯಾಪ್‌ಟಾಪು ಬಿಡಿಸಿ, ಓಡುತ್ತಿದ್ದ ಪರೀಕ್ಷೆಯನ್ನು ಕತ್ತು ಹಿಸುಕಿ ನಿಲ್ಲಿಸಿದೆ. ಹಾಗೆ ನಿಲ್ಲಿಸಿದರೆ ಡೀಬಗರ್ ಏನು ಹೇಳಬೇಕೆಂದು ನಾನೇ ಬರೆದಿದ್ದೆನಲ್ಲ. ಅದು ನನ್ನ ಮಾತು ಮೀರಲಿಲ್ಲ.

“ಮಗು ಸತ್ತಿದೆ,” ಎಂದಿತು ಹಂಡೆ. “ತಾಯಿ ಇನ್ನೂ ಕಾಯುತ್ತಿದ್ದಾಳೆ.”

ನಡುಮನೆಯಲ್ಲಿ ಒಂದು ಲೋಟ ಬಿತ್ತು. ಹುಡುಗನ ತಾಯಿ ತಾಳಿ ಹಿಡಿದುಕೊಂಡು ಮಗನ ತೋಳಿಗೆ ಅಂಟಿಕೊಂಡರು. ನಾನು ದಿಕ್ಕು ತೋಚದೆ ಲ್ಯಾಪ್‌ಟಾಪಿನ ಮುಚ್ಚಳವನ್ನು ಪಟ್ಟನೆ ಮುಚ್ಚಿದೆ. ಮುಚ್ಚಿದ ಮೇಲೆ ನೆನಪಾಯಿತು, ಪರದೆ ನೋಡುವವರಿಲ್ಲದಿದ್ದರೆ ಗಟ್ಟಿಯಾಗಿ ಹೇಳತಕ್ಕದ್ದು.

ಗಟ್ಟಿಯಾಗಿ ಹೇಳಿತು. “ದೋಷ ಹೇಳುವಾಗ ದೋಷ. ದೋಷ ಹೇಳುವಾಗ ದೋಷ.” ತೆರೆದ ಕಿಟಕಿಯಿಂದ ಹೋದ ಆ ಮಾತು ಬೆಟ್ಟದ ಬಂಡೆಗೆ ಬಡಿದು, ಒಂದು ಗಳಿಗೆ ತಡೆದು, ಇನ್ನೂ ವಯಸ್ಸಾದ ದನಿಯಲ್ಲಿ ಹಿಂದಕ್ಕೆ ಬಂತು. ಕಾಂಪೌಂಡಿನ ಆಚೆ ಷಾಹೀನಾ ಆಪಾ “ಯಾ ಅಲ್ಲಾ” ಎಂದು ಹೊಲಿಗೆ ಯಂತ್ರ ನಿಲ್ಲಿಸಿದ್ದು ಸ್ಪಷ್ಟವಾಗಿ ಕೇಳಿಸಿತು.

ಎಜಮಾನರು ಬಿಳಿ ಪಂಚೆ ಮೇಲೆತ್ತಿ ಕಟ್ಟಿ ಏಣಿ ಹತ್ತಿದ್ದರು. ಹಂಡೆಯೊಳಗೆ ಕೈ ಹಾಕುವ ಧೈರ್ಯ ಲೆಕ್ಕದ ಮೇಷ್ಟ್ರಿಗೂ ಬರಲಿಲ್ಲ. ಅದರ ಬದಲು ಹಿತ್ತಾಳೆಯ ತಟ್ಟೆಯೊಂದನ್ನು ತೆಗೆದು ಹಂಡೆಯ ಬಾಯಿಗೆ ಮುಚ್ಚಿದರು. ಈಗ ದನಿ ನೆಲದ ಕೆಳಗಿನಿಂದ ಬರುವಂತೆ ಕೇಳತೊಡಗಿತು.

“ಮುಚ್ಚಿಟ್ಟವರು,” ಎಂದಿತು ಅದು. “ವನಜ. ಮುಚ್ಚಿಟ್ಟವರು, ವನಜ.”

ವನಜ, ಎಂದಿತು ಬೆಟ್ಟ.

ಆಮೇಲೆ ತಾನಾಗಿಯೇ ನಿಂತಿತು. ಅವ್ವ ಕಣ್ಣು ಮುಚ್ಚಿ ಎರಡೂ ಕೈ ಮುಗಿದು, ಅಟ್ಟದ ಕಡೆ ತಲೆ ಬಾಗಿಸಿದರು. ಕಣ್ಣು ಬಿಟ್ಟು ಕೇಳಿದರು. “ವನಜ ಅಂಟೆ ಯಾರು?”

ಬೆರಳು ತೋರಿಸುವ ತೊಂದರೆಯನ್ನು ಯಾರಿಗೂ ಕೊಡದೆ ನಾನೇ ಕೈಯೆತ್ತಿದೆ.

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ತಮ್ಮ ಮನೆಯವರ ಕಡೆ ತಿರುಗಿ ತೀರ್ಪು ಕೊಟ್ಟರು. “ಪಿಲ್ಲ ಬಂಗಾರಂ. ದೋಷಂ ಕೋಡಲಿದಿ.” ಹುಡುಗಿ ಚಿನ್ನ, ದೋಷ ಸೊಸೆಯದು. “ಈ ಮನೆ ದೇವ್ರೇ ಹೇಳ್ತಾ ಐತೆ. ಈಯಮ್ಮ ತನ್ನ ದೋಷಂ ಮುಚ್ಚಿಟ್ಟು ಈ ಮನೆಗೆ ಬಂದೈತೆ. ಅದಕ್ಕೇ ಈ ಪಿಲ್ಲಕ್ಕೆ ಇಷ್ಟು ದಿವ್ಸ ಮದ್ವೆ ಆಗಿಲ್ಲ.”

ನನಗೆ ಬಂದ ಕೋಪ ಹೇಳತೀರದು. ಬಾಯಿಗೆ ಉತ್ತರವೂ ಬಂತು. ಬ್ಲೂಟೂತ್ ಎಂದರೇನು, ಡೀಬಗರ್ ಎಂದರೇನು, ಎಚ್ಚರಿಕೆಗೂ ದೋಷಕ್ಕೂ ಇರುವ ಅಂತರವೇನು, ಎಲ್ಲವನ್ನೂ ಕ್ರಮವಾಗಿ ಬಿಡಿಸಿ ಹೇಳುವುದಕ್ಕೆ ಉಸಿರೆಳೆದುಕೊಂಡೆ. ಆಗ ಚಂದ್ರಿಯನ್ನು ನೋಡಿದೆ. ತಟ್ಟೆ ಹಿಡಿದೇ ನಿಂತಿದ್ದಳು. ಅವಳ ಕಣ್ಣು ನನ್ನ ಮೇಲಿತ್ತು. ನಾನು ವಿವರಿಸಿ ಗೆದ್ದರೆ, ದೋಷ ನನ್ನದಲ್ಲವೆಂದಾಗುತ್ತದೆ. ಹಾಗಾದರೆ ಯಾರದು ಎಂದು ಅವ್ವ ಮುಂದಿನ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಸಿಗುವವರೆಗೆ ಈ ಮದುವೆ ನಿಲ್ಲುತ್ತದೆ.

ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟೆ. “ಹೌದು ಅವ್ವ. ನಂದೇ.”

“ಹೌದವ್ವಾ, ಅವಳದೇ,” ಎಂದರು ಏಣಿಯ ಮೇಲಿಂದ ನಮ್ಮೆಜಮಾನರು. ಮದುವೆಯಾದಾಗಿನಿಂದ ನನ್ನ ಯಾವ ಮಾತನ್ನೂ ಇವರು ಇಷ್ಟು ಬೇಗ ಒಪ್ಪಿರಲಿಲ್ಲ.

ಚಂದ್ರಿ ಕಾಫಿ ಕೊಟ್ಟಳು. ಸಂಬಂಧ ಕುದುರಿತು. ಅವ್ವ ಹಾಕಿದ ಷರತ್ತು ಒಂದೇ. ಮದುವೆಗೆ ಮುಂಚೆ ಆ ಸೊಸೆಯನ್ನು ನಾಗಲಮಡಿಕೆಗೆ ಕರೆದುಕೊಂಡು ಹೋಗಿ ಸುಬ್ರಹ್ಮಣ್ಯನಿಗೆ ಪೂಜೆ ಮಾಡಿಸಬೇಕು, ಅಲ್ಲಿಯವರೆಗೆ ಆ ಸೊಸೆ ಮದುವೆಯ ಅರಿಶಿನ ಮುಟ್ಟಬಾರದು.

ಬೀಗರು ಹೋದ ಮೇಲೆ ನಾನು ಎಜಮಾನರ ಮೇಲೆ ಬಿದ್ದೆ. “ಸ್ಪೀಕರ್ ಹಾಕೋಕೆ ಮುಂಚೆ ನಂಗೊಂದು ಮಾತು ಹೇಳ್ಬಾರ್ದಿತ್ತೇನ್ರಿ?”

ಅವರು ಮೊಬೈಲು ತೋರಿಸಿದರು. ಅದು ಇನ್ನೂ ಚಾರ್ಜಿಗೆ ಹಾಕಿದ ಕಡೆಯೇ ಇತ್ತು. “ನಾನು ಮೊಬೈಲು ಹುಡುಕ್ತಾ ಇದ್ದೆ ಕಣೆ. ಹಂಡೆ ಹತ್ರಾನೇ ಹೋಗಿಲ್ಲ. ಆ ಗುಂಡಿ ನಾನು ಮುಟ್ಟಿಲ್ಲ.”

ಅತ್ತೆ ಮುಟ್ಟಿಲ್ಲ. ಚಂದ್ರಿ ಮುಟ್ಟಿಲ್ಲ. ಕೈ ಹಾಕಿ ಆರಿಸಿದವಳು ನಾನು, ಆರಿದ್ದು ಬೆರಳಿಗೆ ತಿಳಿದಿತ್ತು. ಆಮೇಲೆ ಎಷ್ಟೋ ಸಲ ಕೂತು ಯೋಚಿಸಿದ್ದೇನೆ, ಬರೆದದ್ದನ್ನೆಲ್ಲ ಸಾಲು ಸಾಲಾಗಿ ಓದಿದ್ದೇನೆ. ಮುಚ್ಚಿಟ್ಟಿದ್ದನ್ನು ಅದು ಯಾಕೆ ಹೇಳಿತೆಂಬುದು ಗೊತ್ತು. ಸರಿಯಾಗಿ ಆ ಪ್ರಶ್ನೆಗೆ ಉತ್ತರವಾಗಿ ಯಾಕೆ ಹೇಳಿತು ಎಂಬುದು ಇವತ್ತಿಗೂ ಗೊತ್ತಿಲ್ಲ. ಮರುದಿನ ಅತ್ತೆಯ ದನಿಯನ್ನು ಅಳಿಸಿ, ದೋಸೆ ಎನ್ನುವ ದನಿಯನ್ನೇ ಹಾಕಿ ಕಳಿಸಿದೆ. ಕಂಪನಿಯವರು ಕೆಲಸ ಬಹಳ ಅಚ್ಚುಕಟ್ಟಾಗಿದೆ ಎಂದರು.

ನಾಗಲಮಡಿಕೆಗೆ ಎರಡೂ ಮನೆಯವರು ಹೋದೆವು. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಕೂತೆ. ಪೂಜಾರಿಗಳು ಸಂಕಲ್ಪಕ್ಕೆಂದು ಹೆಸರು, ನಕ್ಷತ್ರ ಕೇಳಿ, “ಯಾವ ದೋಷ ಅಮ್ಮ?” ಎಂದರು. ನಾನು ತಡವರಿಸಿದೆ. ಅವ್ವ ಹಿಂದಿನಿಂದ, “ಅನ್ನೀ ಚೇರ್ಚಂಡಿ ಸ್ವಾಮಿ” ಎಂದರು, ಎಲ್ಲವನ್ನೂ ಸೇರಿಸಿಬಿಡಿ ಎಂದು. ಎಲ್ಲವನ್ನೂ ಸೇರಿಸಿದರು. ಅವರು ಹೇಳಿ ಮುಗಿಸುವ ಹೊತ್ತಿಗೆ ನನ್ನ ಸೀರೆ ಮೈಮೇಲೇ ಒಣಗಿತ್ತು.

ಪೂಜೆ ಮುಗಿದ ಮೇಲೆ ಅವರೆಲ್ಲ ಪ್ರಸಾದಕ್ಕೆ ಹೋದರು. ಅತ್ತೆ ಮಾತ್ರ ನನ್ನ ಪಕ್ಕ ನಾಗರಕಲ್ಲುಗಳ ಹತ್ತಿರ ಉಳಿದರು. ತಮ್ಮ ಸೆರಗಿನಿಂದ ನನ್ನ ತಲೆ ಒರೆಸತೊಡಗಿದರು. ಹಾಗೆ ಅವರು ಎಂದೂ ಮಾಡಿದವರಲ್ಲ.

“ವನಜಾ, ಅವತ್ತು ಅಟ್ಟದ ಮೇಲೆ ಮಾತಾಡಿದ್ದು ನಾನಲ್ಲ ಕಣಮ್ಮ.”

“ಗೊತ್ತು ಅತ್ತೆ. ನನ್ನ ಕಂಪ್ಯೂಟರ್ರು.”

“ಅದೇನೋ ನಂಗೊತ್ತಿಲ್ಲ. ಆದ್ರೆ ಅದು ಹೇಳಿದ್ದು ಸುಳ್ಳಲ್ಲ.” ಅವರ ಕೈ ನನ್ನ ತಲೆಯ ಮೇಲೇ ನಿಂತಿತು. “ಚಂದ್ರಿಗೆ ಕುಜದೋಷ ಐತೆ. ಬಂದೋರೆಲ್ಲ ಅದ್ಕೇ ಎದ್ದೋದ್ರು. ಈ ಸಲ ನಾನೇ ಹುಟ್ಟಿದ ಗಳಿಗೆ ಬೇರೆ ಹೇಳಿ ಜಾತಕ ಬರೆಸ್ಬುಟ್ಟೆ. ಯಾರ್ಗೂ ಹೇಳಿರ್ಲಿಲ್ಲ. ನಿನ್ ಗಂಡಂಗೂ ಹೇಳಿರ್ಲಿಲ್ಲ. ನನ್ ದನೀಲೇ ಅದು ಹೊರಗೆ ಬಂತಲ್ಲ, ನನ್ ಹೆಸರು ಹೇಳ್ತದೆ ಅಂತ ಕಾಯ್ತಾ ಕೂತಿದ್ದೆ. ನಿನ್ ಹೆಸರು ಹೇಳ್ತು.”

ಕುಜನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆ ಹುಡುಗಿಯನ್ನು ಒಂದು ಗ್ರಹದ ಹೆಸರು ಹೇಳಿ ಬಿಟ್ಟುಹೋದವರೆಲ್ಲರ ಮೇಲೆ ನನಗೆ ಸಿಟ್ಟಿದೆ. ಆದರೆ ಆ ದನಿಯನ್ನು ನಾನು ಕಟ್ಟಿದ್ದು ಅತ್ತೆಯ ಉಸಿರಿನಿಂದ. ಅವರ ಉಸಿರಿನಲ್ಲಿ ಆ ಮಾತು ಆಗಲೇ ಇತ್ತು.

“ಹೇಳ್ಬೇಡ ಕಣಮ್ಮ,” ಎಂದರು ಅತ್ತೆ.

“ಇಲ್ಲ ಅತ್ತೆ,” ಎಂದೆ. ಯಾವುದನ್ನೂ ನುಂಗತಕ್ಕದ್ದಲ್ಲ ಎಂದು ಕಟ್ಟಳೆ ಬರೆದವಳು, ಸುಬ್ರಹ್ಮಣ್ಯನ ಎದುರಿನಲ್ಲೇ ಅದನ್ನು ಇಡಿಯಾಗಿ ನುಂಗಿದೆ.

ಚಂದ್ರಿ ಈಗ ಪಾವಗಡದಲ್ಲಿ ಚೆನ್ನಾಗಿದ್ದಾಳೆ. ಅವಳು ನಕ್ಕರೆ ಫೋನು ದೂರ ಹಿಡಿದು ಕೇಳಬೇಕು, ಅಷ್ಟು ಜೋರು. ಅವ್ವನಿಗೆ ಅವಳೆಂದರೆ ಪ್ರಾಣ. ಅವಳ ಮನೆಗೆ ನಾವು ಹೋದಾಗಲೆಲ್ಲ ಅವ್ವ ಸ್ವತಃ ನಿಂತು ಊಟ ಬಡಿಸುತ್ತಾರೆ. ನನ್ನ ಎಲೆಯನ್ನು ಮಾತ್ರ ಪಂಕ್ತಿಯಿಂದ ಸ್ವಲ್ಪ ಆಚೆ, ಬಾಗಿಲ ಹತ್ತಿರ ಹಾಕಿಸುತ್ತಾರೆ. ಪೂಜೆ ಆಗಿದೆ ನಿಜ, ಆದರೂ ಏಕೆ ಬೇಕು ಎಂದು. ಅವರ ಮನೆಯ ಮಾವಿನ ಉಪ್ಪಿನಕಾಯಿ ಬಹಳ ಚೆನ್ನಾಗಿರುತ್ತದಂತೆ. ನನ್ನ ಎಲೆಯವರೆಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.